ಐದು, ಏಳು, ಹತ್ತು ಡಿಗ್ರಿ: ಉತ್ತರ ಕೊಡಗಿನ ಒಂದು ಬಿಸಿನೀರಿನ ಅರ್ಜಿ

ಕೊಡಗಿನಲ್ಲಿ ದೊಡ್ಡ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಯಾವುದೂ ಇಲ್ಲ. ಕಲ್ಲಿದ್ದಲಿನ ಬೂದಿ, ಎತ್ತರದ ಚಿಮಣಿ, ಕೂಲಿಂಗ್ ಟವರ್ ಎಲ್ಲ ನಮಗೆ ರಾಯಚೂರು, ಬಳ್ಳಾರಿ ಕಡೆಯ ಸುದ್ದಿ. ಹಾಗಾಗಿ ಉತ್ತರ ಕೊಡಗಿನ ಒಂದು ಕಾಫಿ ಕ್ಯೂರಿಂಗ್ ಘಟಕ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದ ಮಾಡುವ ಕಾರ್ಖಾನೆ, ತನಗೆ ಬೇಕಾದ ವಿದ್ಯುತ್ತನ್ನು ತಾನೇ ತಯಾರಿಸುತ್ತೇನೆ ಎಂದು ಅರ್ಜಿ ಹಾಕಿದಾಗ ಊರಿನಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಬರೀ ಒಂದು ಮೆಗಾವ್ಯಾಟ್. ಕಾಫಿ ಸಿಪ್ಪೆ ಮತ್ತು ತೋಟದ ಸೌದೆ ಉರಿಸುವ ಬಾಯ್ಲರ್, ಒಂದು ಚಿಕ್ಕ ಟರ್ಬೈನ್. ಹೊಗೆ ಎಷ್ಟು ಬರುತ್ತದೆ ಎಂದು ಕೆಲವರು ಕೇಳಿದರು, ಅಷ್ಟೇ.

ಹೊಳೆಯ ವಿಷಯ ಎತ್ತಿದವರು ಕೆಳಗಿನ ಗದ್ದೆಯವರು. ಅರ್ಜಿಯ ಜೊತೆಗಿದ್ದ ನಕ್ಷೆಯಲ್ಲಿ ಎರಡು ಪೈಪುಗಳಿದ್ದವು. ಒಂದು ಹೊಳೆಯಿಂದ ಘಟಕಕ್ಕೆ. ಇನ್ನೊಂದು ಘಟಕದಿಂದ ಮತ್ತೆ ಹೊಳೆಗೆ, ಸ್ವಲ್ಪ ಕೆಳಗೆ. ಎರಡನೆಯದರ ಪಕ್ಕದಲ್ಲಿ ‘ತಂಪು ಮಾಡಲು ಬಳಸಿದ ನೀರು’ ಎಂದು ಬರೆದಿತ್ತು. ಅದೇನು ನೀರು ಎಂದು ಕೇಳಲು ಅವರು ಕಡತದ ಪ್ರತಿ ಹಿಡಿದು ನನ್ನ ಹತ್ತಿರ ಬಂದರು. ನಾನು ನಿವೃತ್ತಿಯವರೆಗೆ ಶಾಖೋತ್ಪನ್ನ ಕೇಂದ್ರದಲ್ಲಿ, ಹೆಚ್ಚಾಗಿ ಕಂಡೆನ್ಸರ್ ಪಕ್ಕದಲ್ಲೇ, ಕೆಲಸ ಮಾಡಿದವನು. ಆ ಅರ್ಜಿ ಏನಾಯಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಘಟಕದ ಹೆಸರು, ಊರಿನ ಹೆಸರು, ಹೊಳೆಯ ಹೆಸರು ಬಿಟ್ಟಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ನಾಲ್ಕು ಭಾಗ ಹೊಳೆಗೆ

ಬಾಯ್ಲರಿನ ಹಬೆ ಟರ್ಬೈನ್ ತಿರುಗಿಸಿದ ಮೇಲೆ ಅದನ್ನು ಮತ್ತೆ ನೀರು ಮಾಡಬೇಕು. ಆ ಕೆಲಸ ಕಂಡೆನ್ಸರಿನದು. ಸಾವಿರಾರು ತೆಳು ಕೊಳವೆಗಳ ಒಳಗೆ ತಣ್ಣೀರು ಹರಿಯುತ್ತದೆ, ಹೊರಗೆ ಹಬೆ ತಣಿದು ನೀರಾಗುತ್ತದೆ. ಹಬೆಯ ಶಾಖವೆಲ್ಲ ಆ ತಣ್ಣೀರಿಗೆ ಸೇರುತ್ತದೆ. ದೊಡ್ಡ ಕಲ್ಲಿದ್ದಲು ಕೇಂದ್ರದಲ್ಲೂ ಇಂಧನದ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ವಿದ್ಯುತ್ ಆಗುತ್ತದೆ. ಇಂಥ ಚಿಕ್ಕ ಟರ್ಬೈನಿನಲ್ಲಿ ಇನ್ನೂ ಕಡಿಮೆ. ಅರ್ಜಿಯಲ್ಲೇ ಇದ್ದ ಲೆಕ್ಕದ ಪ್ರಕಾರ ಹಬೆಯಲ್ಲಿ ಬರುವ ಶಾಖ 5 ಮೆಗಾವ್ಯಾಟ್, ವಿದ್ಯುತ್ 1 ಮೆಗಾವ್ಯಾಟ್. ಉಳಿದ 4 ಮೆಗಾವ್ಯಾಟ್ ಕಂಡೆನ್ಸರ್ ನೀರಿಗೆ.

ಘಟಕ ಕೇಳಿದ್ದು ಒಂದೇ ಸಲ ಹಾಯಿಸಿ ಬಿಡುವ ವ್ಯವಸ್ಥೆ. ಸೆಕೆಂಡಿಗೆ 105 ಲೀಟರ್ ಎತ್ತುವುದು, ಕಂಡೆನ್ಸರಿನಲ್ಲಿ ಹಾಯಿಸುವುದು, 9 ಡಿಗ್ರಿ ಬಿಸಿಯಾದ ನೀರನ್ನು ವಾಪಸ್ ಹೊಳೆಗೆ ಬಿಡುವುದು. ಇದಕ್ಕಿಂತ ಅಗ್ಗದ ದಾರಿ ಇಲ್ಲ. ಒಂದು ಪಂಪು, ಎರಡು ಪೈಪು, ಮುಗಿಯಿತು.

ಘಟಕದ ಮೇನೇಜರ್ ಒಳ್ಳೆಯ ಮನುಷ್ಯ. ಮೊದಲ ಭೇಟಿಯಲ್ಲೇ ನೇರವಾಗಿ ಹೇಳಿದರು: ‘ಸಾರ್, ಇದರಲ್ಲಿ ರಾಸಾಯನಿಕ ಇಲ್ಲ, ಎಣ್ಣೆ ಇಲ್ಲ. ಹೊಳೆಯಲ್ಲಿ ಹೇಗಿತ್ತೋ ಹಾಗೇ ವಾಪಸ್. ಸ್ವಲ್ಪ ಬೆಚ್ಚಗೆ, ಅಷ್ಟೇ. ಇದನ್ನ ಮಾಲಿನ್ಯ ಅಂತ ಹೇಗೆ ಹೇಳ್ತೀರಿ?’

ಹೇಳಬಹುದು. 1974ರ ಜಲ ಕಾಯ್ದೆಯಲ್ಲಿ ಮಾಲಿನ್ಯ ಎಂದರೆ ನೀರಿನ ಭೌತಿಕ, ರಾಸಾಯನಿಕ ಅಥವಾ ಜೈವಿಕ ಗುಣವನ್ನು ಹಾನಿಯಾಗುವಂತೆ ಬದಲಿಸುವುದು. ಉಷ್ಣತೆ ಭೌತಿಕ ಗುಣ. ಬರೀ ಶಾಖ ಸೇರಿಸಿದರೂ, ಅದರಿಂದ ಹಾನಿ ಆಗುವುದಾದರೆ, ಕಾಯ್ದೆಯ ಒಳಗೇ ಬರುತ್ತದೆ. ಹಾನಿ ಆಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಇಷ್ಟು ಚಿಕ್ಕ ಘಟಕಕ್ಕೆ ಕೇಂದ್ರದ ಅಥವಾ ರಾಜ್ಯದ ಪೂರ್ವ ಪರಿಸರ ಅನುಮತಿ ಬೇಕಿಲ್ಲ. ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಗೆ ಸಮ್ಮತಿ ಕೊಡಬೇಕು, ಕಟ್ಟಿದ ಮೇಲೆ ನಡೆಸಲು ಸಮ್ಮತಿ ಕೊಡಬೇಕು. ಎಲ್ಲ ನಿರ್ಧಾರ ಆ ಪತ್ರದ ಷರತ್ತುಗಳಲ್ಲಿ. ಆದ್ದರಿಂದ ಗದ್ದೆಯವರಿಗೆ ಉಳಿದ ದಾರಿ ಒಂದೇ. ಸಮ್ಮತಿ ಕೈಸೇರುವ ಮೊದಲು ಲಿಖಿತ ಆಕ್ಷೇಪ ಕೊಡುವುದು. ‘ನಮಗೆ ತೊಂದರೆ ಆಗುತ್ತದೆ’ ಎಂದು ಸುಮ್ನೆ ಬರೆದರೆ ಅದು ಕಡತದ ಕೊನೆಗೆ ಹೋಗಿ ಕೂರುತ್ತದೆ. ಲೆಕ್ಕ ಬೇಕಿತ್ತು.

ಮೂರು ಅಂಕಿ, ಮೂರು ಜಾಗ

ಘಟಕದ ಕನ್ಸಲ್ಟೆಂಟ್ ಬರೆದ ವರದಿಯಲ್ಲಿ ಒಂದು ಸಾಲು ಇತ್ತು: ಕಂಡೆನ್ಸರಿನಲ್ಲಿ ನೀರು 9 ಡಿಗ್ರಿ ಏರುತ್ತದೆ, ನಿಯಮದ ಮಿತಿ 10 ಡಿಗ್ರಿ, ಆದ್ದರಿಂದ ಯೋಜನೆ ನಿಯಮದ ಒಳಗಿದೆ. ಓದಿದವರು ಹೌದಲ್ವಾ ಎನ್ನುವಂತಿತ್ತು. ಹಿಂದೆ ಹೋಗಿ ನಿಯಮ ತೆಗೆದು ನೋಡದಿದ್ದರೆ ಅದು ಹಾಗೇ ಪಾಸಾಗುತ್ತಿತ್ತು.

ಆ 10 ಡಿಗ್ರಿ ಎಲ್ಲಿಂದ ಬಂತು ನೋಡಿ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಶಾಖೋತ್ಪನ್ನ ಕೇಂದ್ರಗಳ ಕಂಡೆನ್ಸರ್ ನೀರು ಒಳಬಂದ ನೀರಿಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿ ಇರಬಾರದು ಎಂದಿತ್ತು. 1998ರ ಡಿಸೆಂಬರ್‌ನಲ್ಲಿ ಇದನ್ನು ಬದಲಿಸಿದರು. ಹೊಸ ಸಾಲುಗಳು ಮೂರು. 1999ರ ಜೂನ್ 1ಕ್ಕಿಂತ ಮುಂಚಿನ ಹಳೇ ಕೇಂದ್ರಗಳಲ್ಲಿ ಕಂಡೆನ್ಸರಿನ ಒಳಗೆ ಹೋಗುವ ಮತ್ತು ಹೊರಗೆ ಬರುವ ನೀರಿನ ವ್ಯತ್ಯಾಸ 10 ಡಿಗ್ರಿ ಮೀರಬಾರದು. ಸಮುದ್ರದ ನೀರು ಬಳಸುವ ಹೊಸ ಕೇಂದ್ರಗಳಲ್ಲಿ, ಬಿಸಿನೀರು ಸೇರಿದ ಮೇಲೆ ಸಮುದ್ರದ ನೀರು 7 ಡಿಗ್ರಿಗಿಂತ ಹೆಚ್ಚು ಏರಬಾರದು. ನದಿ, ಕೆರೆ, ಜಲಾಶಯದ ನೀರು ಬಳಸುವ ಹೊಸ ಕೇಂದ್ರಗಳಿಗೆ ಡಿಗ್ರಿಯ ಮಿತಿಯೇ ಇಲ್ಲ. ಅವು ಎಲ್ಲಿದ್ದರೂ, ಎಷ್ಟು ಚಿಕ್ಕದಾದರೂ ಕೂಲಿಂಗ್ ಟವರ್, ಅಂದರೆ ಬಿಸಿನೀರನ್ನು ಗಾಳಿಯಲ್ಲಿ ತಣಿಸಿ ಮತ್ತೆ ಬಳಸುವ ಗೋಪುರ, ಕಟ್ಟಲೇಬೇಕು.

ಹಾಗಾದರೆ ಪ್ರಕರಣ ಅಲ್ಲೇ ಮುಗಿಯಿತಲ್ಲ? ಹೊಸ ಘಟಕ, ಹೊಳೆ ನೀರು, ಟವರ್ ಕಡ್ಡಾಯ. ನಾನೂ ಅದನ್ನೇ ಹೇಳಿದೆ.

ಕನ್ಸಲ್ಟೆಂಟ್ ತಯಾರಾಗಿಯೇ ಬಂದಿದ್ದರು. ‘ಸಾರ್, ಇದು ವಿದ್ಯುತ್ ಕೇಂದ್ರ ಅಲ್ಲ. ಕಾಫಿ ಘಟಕ. ಪಕ್ಕದಲ್ಲಿ ಸ್ವಂತಕ್ಕೆ ಒಂದು ಟರ್ಬೈನ್ ಇದೆ ಅಷ್ಟೇ. ಒಂದು ಯೂನಿಟ್ ಕೂಡ ಹೊರಗೆ ಮಾರಲ್ಲ. ನಮಗೆ ಅನ್ವಯ ಆಗೋದು ಸಾಮಾನ್ಯ ಮಾನದಂಡ.’ ವರದಿಯಲ್ಲಿ 10 ಡಿಗ್ರಿಗೆ ವಿದ್ಯುತ್ ಕೇಂದ್ರ, ಟವರ್ ಮಾತು ಬಂದಾಗ ಕಾಫಿ ಘಟಕ! ಆದರೂ ವಾದವನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಮಂಡಳಿಯ ಅಧಿಕಾರಿಗಳೂ ಈ ವಿಷಯದಲ್ಲಿ ಎರಡು ಮನಸ್ಸಿನಲ್ಲಿದ್ದರು.

ಸರಿ, ಸಾಮಾನ್ಯ ಮಾನದಂಡವನ್ನೇ ಹಿಡಿಯೋಣ. ಎಲ್ಲ ಕೈಗಾರಿಕೆಗಳ ತ್ಯಾಜ್ಯ ನೀರಿಗೆ ಅನ್ವಯಿಸುವ ಪಟ್ಟಿಯಲ್ಲಿ ಉಷ್ಣತೆಗೂ ಒಂದು ಸಾಲಿದೆ. ಬಿಡುವ ನೀರು, ಅದು ಸೇರುವ ನೀರಿಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿ ಇರಬಾರದು.

5, 7, 10. ಮೂರೂ ಡಿಗ್ರಿಗಳೇ. ಆದರೆ 10ನ್ನು ಅಳೆಯುವುದು ಕಂಡೆನ್ಸರಿನ ಎರಡು ಬಾಯಿಗಳ ನಡುವೆ. 7ನ್ನು ಅಳೆಯುವುದು ಬೆರೆತ ಮೇಲೆ, ಸಮುದ್ರದಲ್ಲಿ. 5ನ್ನು ಅಳೆಯುವುದು ಪೈಪಿನ ತುದಿಯಲ್ಲಿ, ಹೊಳೆಯ ನೀರಿನ ಎದುರು ಇಟ್ಟು. ಥರ್ಮಾಮೀಟರ್ ಎಲ್ಲಿ ಅದ್ದಬೇಕು ಎಂದು ಹೇಳದೆ ಬರೀ ಡಿಗ್ರಿ ಹೇಳಿದರೆ ಆ ಅಂಕಿಗೆ ಬೆಲೆಯೇ ಇಲ್ಲ. ಈ ಪ್ರಕರಣದಲ್ಲಿ ನಡೆದ ಅರ್ಧ ಜಗಳ ಇದೇ.

ಪೈಪಿನ ತುದಿಯಲ್ಲಿ 9 ಡಿಗ್ರಿ ಜಾಸ್ತಿ ಇರುವ ನೀರು 5ರ ಮಿತಿಯನ್ನು ದಾಟುತ್ತದೆ. ಕನ್ಸಲ್ಟೆಂಟ್ ಅದನ್ನೂ ಒಪ್ಪಲಿಲ್ಲ. ‘ಬೆರೆತ ಮೇಲೆ ನೋಡಬೇಕು. ಹೊಳೆಯಲ್ಲಿ ಸೆಕೆಂಡಿಗೆ 1200 ಲೀಟರ್ ಇದೆ. ಬೆರೆತರೆ ಒಂದು ಡಿಗ್ರಿಯೂ ಏರಲ್ಲ’ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. 1200 ಲೀಟರ್ ಎಲ್ಲಿಂದ ಬಂತು ಎಂದು ನೋಡಿದರೆ, ಅಳತೆ ಮಾಡಿದ್ದು ಅಕ್ಟೋಬರ್‌ನಲ್ಲಿ.

ಮಾರ್ಚ್ ಹೊಳೆ

ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ದಾಟಲು ಹೆದರುವ ಹೊಳೆಯನ್ನು ಮಾರ್ಚ್‌ನಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಅಕ್ಟೋಬರ್‌ನಲ್ಲಿ ಮಳೆಗಾಲದ ನೀರು ಇನ್ನೂ ಬೆಟ್ಟದಿಂದ ಇಳಿಯುತ್ತಿರುತ್ತದೆ. ಆಗ ಅಳೆದು ವರ್ಷಪೂರ್ತಿ ಅಷ್ಟೇ ಇರುತ್ತದೆ ಎಂದು ಬರೆದರೆ ಅದು ಹೊಳೆ ನೋಡದವರ ಕೆಲಸ.

ಊರಿನ ಹುಡುಗರು ಮಾರ್ಚ್‌ನಲ್ಲಿ ತಾವೇ ಅಳೆದರು. ದುಬಾರಿ ಉಪಕರಣ ಏನೂ ಬೇಕಾಗಲಿಲ್ಲ. ಹೊಳೆ ನೇರವಾಗಿ ಹರಿಯುವ ಕಡೆ ಹತ್ತು ಮೀಟರ್ ಗುರುತು ಮಾಡಿ ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟರು. ಕಿತ್ತಳೆ ಮುಕ್ಕಾಲು ಭಾಗ ಮುಳುಗಿ ತೇಲುವುದರಿಂದ ಗಾಳಿಗೆ ಅಷ್ಟಾಗಿ ಓಡುವುದಿಲ್ಲ, ನೀರಿನ ವೇಗದಲ್ಲೇ ಹೋಗುತ್ತದೆ. ಎಲೆಯಾದರೆ ಗಾಳಿ ಎಳೆದುಕೊಂಡು ಹೋಗುತ್ತದೆ. ಹತ್ತು ಮೀಟರಿಗೆ 35 ಸೆಕೆಂಡ್. ಹೊಳೆಯ ಅಗಲ ಎರಡೂವರೆ ಮೀಟರ್, ಸರಾಸರಿ ಆಳ ಕಾಲು ಮೀಟರ್. ಮೇಲಿನ ನೀರು ತಳದ ನೀರಿಗಿಂತ ವೇಗವಾಗಿ ಹರಿಯುತ್ತದೆ, ಅದಕ್ಕೆ ಶೇಕಡ 15ರಷ್ಟು ಕಳೆಯಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 150 ಲೀಟರ್.

ಈಗ ಘಟಕ ಎತ್ತುವ 105 ಲೀಟರನ್ನು ಇದರ ಪಕ್ಕದಲ್ಲಿ ಇಡಿ. ಹೊಳೆಯ ಮೂರರಲ್ಲಿ ಎರಡು ಭಾಗ ಕಂಡೆನ್ಸರಿನ ಮೂಲಕ ಹಾದು ಬರುತ್ತದೆ.

ಬೆರೆತ ಮೇಲೆ ಎಷ್ಟು ಏರುತ್ತದೆ ಎಂಬುದಕ್ಕೆ ಒಂದು ಸುಲಭ ಲೆಕ್ಕ ಇದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. 4 ಮೆಗಾವ್ಯಾಟ್ ಎಂದರೆ ಸೆಕೆಂಡಿಗೆ 4000 ಕಿಲೋಜೂಲ್. ಭಾಗಿಸಿದರೆ ಸುಮಾರು 950. ಈ 950ನ್ನು ಹೊಳೆಯ ಹರಿವಿನಿಂದ ಭಾಗಿಸಿದರೆ ಸಿಗುವುದೇ ಹೊಳೆ ಏರುವ ಡಿಗ್ರಿ. ಅಕ್ಟೋಬರ್‌ನ 1200 ಲೀಟರಿಗೆ 0.8 ಡಿಗ್ರಿ. ಮಾರ್ಚ್‌ನ 150 ಲೀಟರಿಗೆ 6.3 ಡಿಗ್ರಿ. ಪೈಪಿನ ತುದಿಯಲ್ಲಿ ಅಳೆದರೂ ಸರಿ, ಕನ್ಸಲ್ಟೆಂಟ್ ಹೇಳಿದಂತೆ ಬೆರೆತ ಮೇಲೆ ಅಳೆದರೂ ಸರಿ, ಮಾರ್ಚ್‌ನಲ್ಲಿ 5 ದಾಟುತ್ತದೆ.

ಇದರ ಮೇಲೆ ಕೊಡಗಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ರೊಬಸ್ಟಾ ತೋಟದವರು ಹೂಮಳೆಗೆ ಕಾಯುತ್ತಾ ಕೂರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಆ ನೀರು ಬರುವುದು ಕೆರೆಯಿಂದ ಅಥವಾ ಇದೇ ಹೊಳೆಯಿಂದ. ಮೇಲಿನ ತೋಟಗಳಲ್ಲಿ ಪಂಪುಗಳು ಒಟ್ಟಿಗೆ ಓಡಿದ ದಿನ ಹೊಳೆ 100 ಲೀಟರಿಗೆ ಇಳಿದರೆ ಆಶ್ಚರ್ಯ ಇಲ್ಲ. ಆಗ ಏರಿಕೆ 9.5 ಡಿಗ್ರಿ. ಅಷ್ಟೇ ಅಲ್ಲ, ಘಟಕಕ್ಕೆ ಬೇಕಾದ 105 ಲೀಟರೇ ಹೊಳೆಯಲ್ಲಿ ಇರುವುದಿಲ್ಲ. ಒಡ್ಡು ಕಟ್ಟಿ ನಿಲ್ಲಿಸಿದರೆ ಬಿಟ್ಟ ಬಿಸಿನೀರು ಹಿಂದಕ್ಕೆ ಬಂದು ಮತ್ತೆ ಪಂಪಿಗೇ ಸೇರುತ್ತದೆ.

ಕ್ಯೂರಿಂಗ್ ಕೆಲಸ ಜೋರಾಗಿ ನಡೆಯುವುದೂ ಆಗಲೇ. ಕೊಯ್ಲು ಮುಗಿದು, ಕಾಫಿ ಒಣಗಿ, ಘಟಕಕ್ಕೆ ಲೋಡ್ ಬರುವುದು ಜನವರಿಯಿಂದ. ವಿದ್ಯುತ್ ಜಾಸ್ತಿ ಬೇಕು, ಸಿಪ್ಪೆ ಜಾಸ್ತಿ ಸಿಗುತ್ತದೆ, ಹೊಳೆ ಮಾತ್ರ ಸಣ್ಣಗಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಟರ್ಬೈನ್ ಓಡಿಸಿ ಎಂದು ಹೇಳೋಣ ಎಂದರೆ ಆಗ ಅವರಿಗೆ ಅದು ಬೇಕಾಗಿಯೇ ಇಲ್ಲ.

ಆರು ಡಿಗ್ರಿಗೆ ಏನಾಗುತ್ತದೆ

ಮೇನೇಜರ್ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ‘ಆರು ಡಿಗ್ರಿ ಏರಿದ್ರೆ ಏನ್ ಸಾರ್? ಬಿಸಿಲಲ್ಲಿ ಹೊಳೆ ತಾನಾಗೇ ಅಷ್ಟು ಕಾಯಲ್ವಾ?’

ಬಯಲಲ್ಲಿ ಹರಿಯುವ ತೆಳು ಹೊಳೆ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಕೆಲವು ಡಿಗ್ರಿ ಏರುವುದು ನಿಜ. ಆದರೆ ರಾತ್ರಿ ಇಳಿಯುತ್ತದೆ. ಘಟಕದ ಶಾಖ ಹಗಲು ರಾತ್ರಿ ಒಂದೇ ಸಮ, ಮಧ್ಯಾಹ್ನದ ಏರಿಕೆಯ ಮೇಲೆ ಇನ್ನೂ ಆರು. ಟರ್ಬೈನ್ ಟ್ರಿಪ್ ಆಗಿ ನಿಂತಾಗ ನೀರು ಒಮ್ಮೆಲೇ ತಣ್ಣಗಾಗುತ್ತದೆ, ಮತ್ತೆ ಶುರುವಾದಾಗ ಒಮ್ಮೆಲೇ ಬಿಸಿ. ಬೆಚ್ಚಗಿನ ನೀರಿಗೆ ಒಗ್ಗಿದ ಮೀನಿಗೆ ಈ ಏರಿಳಿತವೇ ಬರೀ ಬಿಸಿಗಿಂತ ಹೆಚ್ಚಿನ ಪೆಟ್ಟು.

ಆಮ್ಲಜನಕದ ಲೆಕ್ಕ ಇನ್ನೂ ಗಂಭೀರ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 9.1 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8.3, 30 ಡಿಗ್ರಿಯಲ್ಲಿ 7.6. ಕುಶಾಲನಗರದ ಸುತ್ತ ನಾವು ಸಮುದ್ರದಿಂದ 800 ಮೀಟರಿಗಿಂತ ಮೇಲಿದ್ದೇವೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಈ ಅಂಕಿಗಳಲ್ಲಿ ಹತ್ತರಲ್ಲಿ ಒಂದು ಭಾಗ ಮೊದಲೇ ಹೋಗುತ್ತದೆ. ಶುದ್ಧ ಹೊಳೆಯಾದರೆ ಇಷ್ಟನ್ನು ತಡೆದುಕೊಳ್ಳುತ್ತದೆ. ಮೀನು ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಕನಿಷ್ಠ ಮಿತಿ ಲೀಟರಿಗೆ 4 ಮಿಲಿಗ್ರಾಂ. ಅಂದರೆ ಬರೀ ಶಾಖದ ಲೆಕ್ಕ ಹಿಡಿದರೆ ಮೇನೇಜರ್ ಹೇಳಿದ್ದು ತಪ್ಪಲ್ಲ.

ಆದರೆ ನಮ್ಮ ಹೊಳೆಗೆ ಬರುವುದು ಬರೀ ಬೆಟ್ಟದ ನೀರಲ್ಲ. ಕೊಯ್ಲಿನ ಕಾಲದಲ್ಲಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ನೀರೂ ಬರುತ್ತದೆ. ಹಣ್ಣಿನ ತಿರುಳು, ಅಂಟು, ಸಕ್ಕರೆ ತುಂಬಿದ ನೀರು. ಅದನ್ನು ಹೊಂಡದಲ್ಲಿ ಹಿಡಿದು ಸಂಸ್ಕರಿಸಬೇಕು, ಹೊಳೆಗೆ ಬಿಡಬಾರದು. ಹೊಂಡ ಸೋರುವುದು, ರಾತ್ರಿ ತುಂಬಿ ಹರಿಯುವುದು ನಮಗೆಲ್ಲ ಗೊತ್ತಿರುವುದೇ, ಬಾಯಿ ಬಿಟ್ಟು ಹೇಳುವವರು ಕಡಿಮೆ. ಆ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕ ಎಳೆಯುತ್ತವೆ. ನೀರು ಹತ್ತು ಡಿಗ್ರಿ ಬಿಸಿಯಾದರೆ ಅವುಗಳ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗುತ್ತದೆ. ಮೀನಿಗೂ ಬಿಸಿ ನೀರಿನಲ್ಲಿ ಉಸಿರಾಡಲು ಹೆಚ್ಚು ಆಮ್ಲಜನಕ ಬೇಕು. ಒಂದು ಕಡೆ ದಾಸ್ತಾನು ಇಳಿಯುತ್ತದೆ, ಇನ್ನೊಂದು ಕಡೆ ಖರ್ಚು ಏರುತ್ತದೆ.

ಹಾಗಾಗಿ ಆಕ್ಷೇಪ ಪತ್ರದಲ್ಲಿ ಪಲ್ಪರ್ ವಿಷಯ ಬರೆಯಲೇಬೇಕಾಯಿತು. ಬರೆಯಲು ಕೆಲವರಿಗೆ ಇಷ್ಟ ಇರಲಿಲ್ಲ. ಗದ್ದೆಯವರಲ್ಲೂ ತೋಟ ಇರುವವರಿದ್ದಾರೆ. ‘ನಮ್ಮ ಮೇಲೆ ನಾವೇ ದೂರು ಕೊಟ್ಟ ಹಾಗೆ ಆಗ್ತದೆ’ ಎಂದರು. ಕೊನೆಗೆ ‘ಕೊಯ್ಲಿನ ಕಾಲದಲ್ಲಿ ಹೊಳೆಯ ಬಿಒಡಿ (ಕೊಳೆ ತಿನ್ನಲು ಸೂಕ್ಷ್ಮಜೀವಿಗಳು ಎಳೆಯುವ ಆಮ್ಲಜನಕ) ಮತ್ತು ಕರಗಿದ ಆಮ್ಲಜನಕವನ್ನು ಮಂಡಳಿಯೇ ಅಳೆಯಬೇಕು’ ಎಂದು ಸೇರಿಸಿದೆವು. ಸ್ವಲ್ಪ ಜಾರಿಕೊಂಡ ಸಾಲು ಅದು. ಆದರೆ ಆ ಅಳತೆ ಇಲ್ಲದೆ ಆರು ಡಿಗ್ರಿಯ ಪರಿಣಾಮವನ್ನು ಯಾರೂ ಹೇಳಲಾರರು.

ಮೀನಿನ ಬಗ್ಗೆ ಇನ್ನೊಂದು ಮಾತು. ಕಾವೇರಿಯ ದೊಡ್ಡ ಮಹಶೀರ್ 2018ರಿಂದ ಅಳಿವಿನ ಅಂಚಿನಲ್ಲಿರುವ ಜಾತಿಗಳ ಜಾಗತಿಕ ಪಟ್ಟಿಯಲ್ಲಿದೆ, ಅದೂ ಅತಿ ಗಂಭೀರ ವರ್ಗದಲ್ಲಿ. ಈ ಚಿಕ್ಕ ಹೊಳೆಯಲ್ಲಿ ಮಹಶೀರ್ ಇದೆ ಎಂದು ನಾವು ಬರೆಯಲಿಲ್ಲ, ಯಾರೂ ನೋಡಿಲ್ಲ. ಆದರೆ ಮಳೆ ಶುರುವಾದಾಗ ಬೇರೆ ಮೀನುಗಳು ಮೊಟ್ಟೆ ಇಡಲು ಇದೇ ಹೊಳೆ ಹತ್ತಿ ಗದ್ದೆಯವರೆಗೆ ಬರುತ್ತವೆ. 1998ರ ನಿಯಮದ ಜೊತೆಗಿರುವ ಮಾರ್ಗಸೂಚಿಯಲ್ಲಿ ಮೀನು ಮೊಟ್ಟೆ ಇಡುವ ಜಾಗದ ಹತ್ತಿರ ಬಿಸಿನೀರು ಬಿಡಬಾರದು ಎಂದಿದೆ. ಬಿಸಿನೀರನ್ನು ಹೊಳೆಯ ನಡುವೆ, ತಳದಲ್ಲಿ ಬಿಡುವುದು ಒಳ್ಳೆಯದು ಎಂದೂ ಇದೆ. ಮೊಣಕಾಲೂ ಮುಳುಗದ ಮಾರ್ಚ್ ಹೊಳೆಯಲ್ಲಿ ತಳ ಯಾವುದು, ಮೇಲು ಯಾವುದು!

ದೊಡ್ಡ ಪಂಪಿನ ಉಪಾಯ

ಆಕ್ಷೇಪ ಹೋದ ಮೇಲೆ ಅಧಿಕಾರಿಗಳು ಸ್ಥಳಕ್ಕೆ ಬಂದರು. ಘಟಕದವರು, ಕನ್ಸಲ್ಟೆಂಟ್, ಗದ್ದೆಯವರು ಎಲ್ಲ ಹೊಳೆಯ ದಂಡೆಯಲ್ಲೇ ನಿಂತು ಮಾತಾಡಿದೆವು. ಕನ್ಸಲ್ಟೆಂಟ್ ಹೊಸ ಸಲಹೆ ತಂದಿದ್ದರು. ಇನ್ನೂ ದೊಡ್ಡ ಪಂಪು ಹಾಕುತ್ತೇವೆ. ಸೆಕೆಂಡಿಗೆ 190 ಲೀಟರ್ ಹಾಯಿಸಿದರೆ ಕಂಡೆನ್ಸರಿನ ಏರಿಕೆ 9ರಿಂದ 5ಕ್ಕೆ ಇಳಿಯುತ್ತದೆ. ಪೈಪಿನ ತುದಿಯಲ್ಲಿ ಮಿತಿಯೊಳಗೆ.

ಕಾಗದದ ಮೇಲೆ ಇದು ಸರಿ. ದೊಡ್ಡ ಕೇಂದ್ರಗಳಲ್ಲೂ ಈ ಉಪಾಯ ನಡೆಯುತ್ತದೆ. ಆದರೆ ಪಂಪು ದೊಡ್ಡದಾದರೆ ಶಾಖ ಚಿಕ್ಕದಾಗುವುದಿಲ್ಲ. ಅದೇ 4 ಮೆಗಾವ್ಯಾಟ್ ಹೆಚ್ಚು ನೀರಿನಲ್ಲಿ ಹಂಚಿ ಹೋಗುತ್ತದೆ, ಕೊನೆಗೆ ಸೇರುವುದು ಅದೇ ಹೊಳೆಗೆ. ಬೆರೆತ ಮೇಲಿನ ಏರಿಕೆ ಮೊದಲಿನಷ್ಟೇ. ಅಷ್ಟಕ್ಕೂ 150 ಲೀಟರಿನ ಹೊಳೆಯಿಂದ 190 ಲೀಟರ್ ಎತ್ತುವುದು ಹೇಗೆ?

ಇದನ್ನು ಕೇಳಿದವರು ನಾನಲ್ಲ. ಕೆಳಗಿನ ಗದ್ದೆಯ ಹಿರಿಯರೊಬ್ಬರು. ‘ಅಲ್ಲ ಮಾರಾಯ್ರೆ, ಇಲ್ದಿರೋ ನೀರನ್ನ ಎತ್ತೋದು ಯಾವ ಪಂಪು?’ ಎಂದರು. ಕನ್ಸಲ್ಟೆಂಟ್ ಆ ಸಲಹೆಯನ್ನು ಮತ್ತೆ ಎತ್ತಲಿಲ್ಲ.

ಇನ್ನೊಬ್ಬರು ಕೈಗಾ ಅಣುವಿದ್ಯುತ್ ಕೇಂದ್ರದ ವಿಷಯ ತೆಗೆದರು. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಕದ್ರಾ ಜಲಾಶಯದ ನೀರನ್ನೇ ಹಾಯಿಸಿ ಬಿಡುತ್ತಿವೆ, ಇಲ್ಲಿ ಒಂದು ಮೆಗಾವ್ಯಾಟಿಗೆ ಇಷ್ಟು ಗಲಾಟೆ ಏಕೆ ಎಂದು. ನೋಡಲು ಒಳ್ಳೆಯ ಹೋಲಿಕೆ. ಆದರೆ ಜಲಾಶಯಕ್ಕೆ ಆಳ ಇದೆ, ಹರವು ಇದೆ. ಬಿಸಿನೀರು ಮೇಲೆ ಹರಡಿಕೊಂಡು ಗಾಳಿಗೆ ಶಾಖ ಬಿಡಲು ಜಾಗ, ಸಮಯ ಎರಡೂ ಸಿಗುತ್ತದೆ. ಎರಡೂವರೆ ಮೀಟರ್ ಅಗಲದ ಹೊಳೆಯಲ್ಲಿ ಮುಂದಿನ ಗದ್ದೆ ಬರುವಷ್ಟರಲ್ಲಿ ಶಾಖ ಹೋಗಿರುವುದಿಲ್ಲ. ಅದೂ ಅಲ್ಲದೆ ಕೈಗಾದಲ್ಲೇ ಮುಂದಿನ ಎರಡು ಘಟಕಗಳಿಗೆ, 5 ಮತ್ತು 6ಕ್ಕೆ, ಕೂಲಿಂಗ್ ಟವರ್ ಯೋಜಿಸಿದ್ದಾರೆ. ದೇಶದ ಕಲ್ಲಿದ್ದಲು ಕೇಂದ್ರಗಳಿಗೂ 2015ರ ಡಿಸೆಂಬರ್ ಅಧಿಸೂಚನೆಯಲ್ಲಿ ಅದೇ ಮಾತು. ಒಂದೇ ಸಲ ಹಾಯಿಸಿ ಬಿಡುವ ಹಳೇ ಕೇಂದ್ರಗಳೂ ಟವರ್ ಹಾಕಬೇಕು ಎಂದರು. ಸಮುದ್ರದ ನೀರು ಬಳಸುವವರಿಗೆ ಆಮೇಲೆ ವಿನಾಯಿತಿ ಸಿಕ್ಕಿತು.

ಅಧಿಕಾರಿಗಳು ಎಲ್ಲ ಕೇಳಿ, ಒಂದೇ ಸಲ ಹಾಯಿಸಿ ಬಿಡುವ ಯೋಜನೆಯನ್ನು ವಾಪಸ್ ಕಳಿಸಿದರು. ಪರಿಷ್ಕರಿಸಿ ತನ್ನಿ ಎಂದರು. ‘ವಿದ್ಯುತ್ ಕೇಂದ್ರವೋ ಕಾಫಿ ಘಟಕವೋ’ ಎಂಬ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಎರಡೂ ಲೆಕ್ಕದಲ್ಲಿ ಉತ್ತರ ಒಂದೇ ಆದ್ದರಿಂದ ಬರೆಯುವ ಅಗತ್ಯ ಬರಲಿಲ್ಲ ಎಂದು ಕಾಣುತ್ತದೆ. ಅಲ್ಲೇ ಬರೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ಟವರ್ ಬಂದರೆ ನೀರು ಹೋಗುತ್ತದೆ

ಪರಿಷ್ಕರಿಸಿದ ಅರ್ಜಿಯಲ್ಲಿ ಕೂಲಿಂಗ್ ಟವರ್ ಬಂತು. ಅದೇ ನೀರನ್ನು ಸುತ್ತಿಸುವುದು, ಟವರಿನಲ್ಲಿ ಮೇಲಿಂದ ಹನಿಹನಿಯಾಗಿ ಬೀಳಿಸಿ ಗಾಳಿ ಹಾಯಿಸಿ ತಣಿಸುವುದು. ಹೊಳೆಗೆ ಬಿಸಿನೀರು ಬರುವುದಿಲ್ಲ. ಗದ್ದೆಯವರು ಗೆದ್ದೆವು ಎಂದುಕೊಂಡಿರುವಾಗ ಅದೇ ಹಿರಿಯರು ಮತ್ತೆ ಕೇಳಿದರು: ‘ಮೊದಲಿನ ಯೋಜನೆಯಲ್ಲಿ ಬಿಸಿಯಾದ್ರೂ ನೀರು ವಾಪಸ್ ಬರ್ತಿತ್ತು. ಇದ್ರಲ್ಲಿ ನೀರು ಎಲ್ಲಿಗೆ ಹೋಗ್ತದೆ?’

ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಟವರ್ ತಣಿಸುವುದೇ ನೀರನ್ನು ಆವಿ ಮಾಡಿ. 4 ಮೆಗಾವ್ಯಾಟ್ ಶಾಖಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಲೀಟರ್ ಗಾಳಿಗೆ ಹೋಗುತ್ತದೆ. ಉಳಿದ ನೀರಿನಲ್ಲಿ ಲವಣ ಗಟ್ಟಿಯಾಗುತ್ತಾ ಬರುವುದರಿಂದ ಆಗಾಗ ಸ್ವಲ್ಪ ಹೊರಗೆ ಚೆಲ್ಲಬೇಕು. ಅದು ಅರ್ಧ ಲೀಟರ್ ಎಂದುಕೊಳ್ಳಿ. ಒಟ್ಟು ಸೆಕೆಂಡಿಗೆ 2 ಲೀಟರ್. ದಿನಕ್ಕೆ 1.7 ಲಕ್ಷ ಲೀಟರ್, ಹೊಳೆಗೆ ವಾಪಸ್ ಬಾರದ ನೀರು.

ಮಾರ್ಚ್‌ನ 150 ಲೀಟರಿನಲ್ಲಿ 2 ಲೀಟರ್ ಎಂದರೆ ಶೇಕಡ ಒಂದೂಕಾಲು, ಒಂದೂವರೆ. ಆರು ಡಿಗ್ರಿಗಿಂತ ಇದು ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ. ಆದರೆ ಏನೂ ಇಲ್ಲ ಎನ್ನುವ ಹಾಗೂ ಇಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಈ ಅಂಕಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಗಂಟೆಗೆ 7.2 ಘನ ಮೀಟರ್ ನೀರು, ಗಂಟೆಗೆ 1 ಮೆಗಾವ್ಯಾಟ್-ಅವರ್ ವಿದ್ಯುತ್. 2015ರ ಅಧಿಸೂಚನೆ ಹಳೇ ಶಾಖೋತ್ಪನ್ನ ಕೇಂದ್ರಗಳಿಗೆ ಇಟ್ಟ ನೀರಿನ ಮಿತಿ ಮೆಗಾವ್ಯಾಟ್-ಅವರಿಗೆ 3.5 ಘನ ಮೀಟರ್. 2017ರ ಜನವರಿ ನಂತರದ ಹೊಸ ಕೇಂದ್ರಗಳಿಗೆ ಮೊದಲು 2.5 ಎಂದಿದ್ದರು, 2018ರಲ್ಲಿ ಅದನ್ನು 3 ಮಾಡಿದರು. ನಮ್ಮ ಘಟಕ ಅದರ ಎರಡು ಪಟ್ಟಿಗಿಂತ ಜಾಸ್ತಿ. ಚಿಕ್ಕ ಟರ್ಬೈನ್ ವಿದ್ಯುತ್ತಿಗಿಂತ ನಾಲ್ಕು ಪಟ್ಟು ಶಾಖ ಚೆಲ್ಲುವುದೇ ಇದಕ್ಕೆ ಕಾರಣ. ಇದನ್ನು ವಿದ್ಯುತ್ ಕೇಂದ್ರ ಎಂದು ಹಿಡಿದರೆ ಟವರ್ ಕಟ್ಟಿದರೂ ನೀರಿನ ಮಿತಿ ದಾಟುತ್ತದೆ. ಕಾಫಿ ಘಟಕ ಎಂದು ಹಿಡಿದರೆ ಆ ಮಿತಿ ಇಲ್ಲ. ಅಧಿಕಾರಿಗಳು ಬಿಟ್ಟ ಪ್ರಶ್ನೆ ಹೀಗೆ ಮತ್ತೆ ಬಾಗಿಲಿಗೆ ಬಂತು.

ಪಕ್ಕದ ಒಲೆ

ಘಟಕಕ್ಕೆ ಹೋದಾಗಲೆಲ್ಲ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಅವರ ಡ್ರೈಯರ್. ತೇವ ಜಾಸ್ತಿ ಇರುವ ಕಾಫಿ ಬಂದಾಗ ಒಣಗಿಸಲು ಬಿಸಿಗಾಳಿ ಬೇಕು. ಅದಕ್ಕೆ ಬೇರೆ ಒಲೆ, ಬೇರೆ ಸೌದೆ. ಒಂದು ಶೆಡ್ಡಿನಲ್ಲಿ ಸೌದೆ ಉರಿಸಿ ಶಾಖ ಮಾಡುತ್ತಾರೆ. ಪಕ್ಕದ ಶೆಡ್ಡಿನಲ್ಲಿ 4 ಮೆಗಾವ್ಯಾಟ್ ಶಾಖವನ್ನು ಹೊಳೆಗೋ ಗಾಳಿಗೋ ಚೆಲ್ಲುವ ಯೋಜನೆ ಮಾಡುತ್ತಾರೆ. ಕಂಡೆನ್ಸರ್ ಪಕ್ಕದಲ್ಲಿ ಜೀವನ ಕಳೆದವನಿಗೆ ಇದು ಸಹಿಸಲು ಕಷ್ಟ.

ಸಕ್ಕರೆ ಕಾರ್ಖಾನೆಗಳು ಬಹಳ ಹಿಂದಿನಿಂದ ಮಾಡುತ್ತಿರುವ ಕೆಲಸ ಇದಕ್ಕೆ ಸರಿಹೊಂದುತ್ತದೆ. ಹಬೆಯನ್ನು ಪೂರ್ತಿ ತಣಿಸುವವರೆಗೆ ಟರ್ಬೈನಿನಲ್ಲಿ ಹಿಂಡುವುದಿಲ್ಲ. ಒತ್ತಡ ಇನ್ನೂ ಇರುವಾಗಲೇ ಹೊರಗೆ ತೆಗೆದು ಕಬ್ಬಿನ ರಸ ಕುದಿಸಲು ಬಳಸುತ್ತಾರೆ. ಇಲ್ಲಿ ರಸದ ಬದಲು ಕಾಫಿ ಡ್ರೈಯರ್. ವಿದ್ಯುತ್ ಅರ್ಧಕ್ಕೆ ಇಳಿಯಬಹುದು. ಆದರೆ ಡ್ರೈಯರ್ ಓಡುವಷ್ಟು ಹೊತ್ತು ಕಂಡೆನ್ಸರಿನ ಕೆಲಸವನ್ನು ಡ್ರೈಯರೇ ಮಾಡುತ್ತದೆ, ಡ್ರೈಯರಿನ ಸೌದೆ ಉಳಿಯುತ್ತದೆ. ಡ್ರೈಯರ್ ನಿಂತಾಗ ಉಳಿದ ಹಬೆಗೆ ಗಾಳಿಯಿಂದ ತಣಿಸುವ ಚಿಕ್ಕ ಕಂಡೆನ್ಸರ್ ಸಾಕು. ಅದಕ್ಕೆ ನೀರೇ ಬೇಡ. ಫ್ಯಾನಿಗೆ ವಿದ್ಯುತ್ ಬೇಕು, ಬೆಲೆ ಜಾಸ್ತಿ, ಸೆಕೆ ಇರುವ ಊರಿನಲ್ಲಿ ಅದರ ಕೆಲಸ ಮಂದ. ನಮ್ಮ ಹವೆಗೆ ಆ ಕೊನೆಯ ದೋಷ ಅಷ್ಟು ದೊಡ್ಡದಲ್ಲ.

ಕನ್ಸಲ್ಟೆಂಟ್ ಇದನ್ನು ಇಷ್ಟಪಡಲಿಲ್ಲ. ಅವರ ರೇಖಾಚಿತ್ರ ಎಲ್ಲ ಮತ್ತೆ ಬರೆಯಬೇಕು. ಮೇನೇಜರ್ ಮಾತ್ರ ಡ್ರೈಯರಿನ ಸೌದೆ ಬಿಲ್ಲು ತೆಗೆದು ಕೂತರು. ಒಂದು ಮೆಗಾವ್ಯಾಟ್ ನಿಜಕ್ಕೂ ಬೇಕೇ ಎಂಬ ಪ್ರಶ್ನೆಯನ್ನು ಅವರ ಮಾಲೀಕರೇ ಆಮೇಲೆ ಕೇಳಿದರಂತೆ. ಘಟಕದ ವಿದ್ಯುತ್ ಲೋಡ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಮಿಕ್ಕಿದ್ದು ಮುಂದೆ ಬೇಕಾಗಬಹುದು ಎಂದು ಸೇರಿಸಿದ್ದು.

ಈಗ ಮಂಡಳಿಯ ಮುಂದೆ ಮೂರನೇ ರೂಪದ ಅರ್ಜಿ ಇದೆ. ಡ್ರೈಯರಿಗೆ ಹಬೆ, ಉಳಿದದ್ದಕ್ಕೆ ಚಿಕ್ಕ ಟವರ್. ಗಾಳಿ ಕಂಡೆನ್ಸರ್ ದುಬಾರಿ ಎಂದು ಬಿಟ್ಟಿದ್ದಾರೆ. ಹೊಳೆಗೆ ಯಾವ ನೀರೂ ಬಿಡುವುದಿಲ್ಲ, ಟವರಿನಿಂದ ಚೆಲ್ಲುವ ಲವಣದ ನೀರನ್ನು ಅಂಗಳದ ಧೂಳಿಗೆ ಸಿಂಪಡಿಸುತ್ತೇವೆ ಎಂದು ಬರೆದಿದ್ದಾರೆ. ಗದ್ದೆಯವರು ಎರಡು ಷರತ್ತು ಕೇಳಿದ್ದಾರೆ. ಘಟಕದ ಮೇಲೆ ಮತ್ತು ಕೆಳಗೆ ಹೊಳೆಯ ಉಷ್ಣತೆಯನ್ನು ಒಂದೇ ಹೊತ್ತಿಗೆ, ಒಂದೇ ಆಳದಲ್ಲಿ, ಫೆಬ್ರವರಿಯಿಂದ ಮೇ ತಿಂಗಳವರೆಗೆ ಅಳೆದು ಪಂಚಾಯಿತಿಗೆ ಕೊಡಬೇಕು. ಟವರಿನ ನೀರಿಗೆ ಆ ತಿಂಗಳುಗಳಲ್ಲಿ ಹೊಳೆ ಮುಟ್ಟಬಾರದು, ಮಳೆಗಾಲದಲ್ಲಿ ಕೆರೆ ತುಂಬಿಸಿಕೊಂಡು ಬಳಸಬೇಕು. ಮೊದಲನೆಯದಕ್ಕೆ ಘಟಕ ಒಪ್ಪಿದೆ. ಎರಡನೆಯದಕ್ಕೆ ಬೋರ್‌ವೆಲ್ ಕೊರೆಸುತ್ತೇವೆ ಎಂದಿದೆ. ಬೋರ್‌ವೆಲ್ ಜಾಗ ಹೊಳೆಯಿಂದ ಎಷ್ಟು ದೂರ ಎಂದು ನಕ್ಷೆಯಲ್ಲಿ ತೋರಿಸಿಲ್ಲ. ಅದನ್ನು ತೋರಿಸುವವರೆಗೆ ಆಕ್ಷೇಪ ವಾಪಸ್ ತೆಗೆಯುವುದಿಲ್ಲ ಎಂದು ಗದ್ದೆಯವರು ಪತ್ರ ಕೊಟ್ಟಿದ್ದಾರೆ.